ಘಟ್ಟ ಇಳಿಯದ ಸೌದೆ

ಸೌದೆ ವ್ಯಾಪಾರದಲ್ಲಿ ಮರಕ್ಕಿಂತ ದಾರಿ ದೊಡ್ಡದು. ಬಂಗಾರವನ್ನು ಸೊಂಟಕ್ಕೆ ಕಟ್ಟಿಕೊಂಡು ಮುಂಬಯಿವರೆಗೂ ಹೋಗಿ ಮಾರಬಹುದು. ಸೌದೆಯನ್ನು ದೂರ ಸಾಗಿಸಿದರೆ ಬಾಡಿಗೆಯೇ ಮಾಲನ್ನು ತಿಂದುಹಾಕುತ್ತದೆ. ತಾಳವಾಡಿ ಬೆಟ್ಟದ ಗೆಟ್ಟವಾಡಿಯಲ್ಲಿ ಕೂತು ಸೌದೆ ಸೀಳಿ, ಮನೆಗೆ, ಹೋಟೆಲಿಗೆ, ಮದುವೆಗೆ ಹಾಕಿ ಬದುಕುವ ನನಗೆ ಈ ಬೆಟ್ಟದ ಚರಿತ್ರೆ ಅರ್ಥವಾಗುವುದೂ ಬಾಡಿಗೆ ಲೆಕ್ಕದಲ್ಲೇ. ತಾಳವಾಡಿಯಿಂದ ಚಾಮರಾಜನಗರ 25 ಕಿ.ಮೀ. ಆಸುಪಾಸು, ಘಟ್ಟ ಇಳಿಯುವ ರಗಳೆಯಿಲ್ಲ. ತಮಿಳುನಾಡಿನ ನಮ್ಮದೇ ಈರೋಡು ಜಿಲ್ಲೆಯ ಸತ್ಯಮಂಗಲಕ್ಕೆ ಅದರ ಎರಡು ಪಟ್ಟು ದಾರಿ, ನಡುವೆ ದಿಂಬಂ ಘಟ್ಟದ 27 ತಿರುವು. ಸೌದೆ ಗಾಡಿ ಯಾವ ಕಡೆ ಮುಖ ಮಾಡುತ್ತದೆ ಎಂದು ಹೇಳಬೇಕಿಲ್ಲ. ಆದರೆ ಚಾಮರಾಜನಗರದ ಕಡೆ ರಾಜ್ಯವೇ ಬೇರೆ, ಕರ್ನಾಟಕ.

ಈ ಗೆರೆ ಬಿದ್ದದ್ದು 1799ರಲ್ಲಿ. ಟಿಪ್ಪು ಸತ್ತ ಮೇಲೆ ಇಂಗ್ಲಿಷರು ಕೊಯಮತ್ತೂರು ಸೀಮೆಯನ್ನು ತಾವೇ ಇಟ್ಟುಕೊಂಡು, ಮೈಸೂರನ್ನು ಒಡೆಯರಿಗೆ ಕೊಟ್ಟರು. ಕೊಳ್ಳೇಗಾಲವೂ ನಮ್ಮ ಬೆಟ್ಟವೂ ಒಟ್ಟಿಗೇ ಮದರಾಸಿನ ಕಡೆ ಹೋದವು. 1956ರ ನವೆಂಬರ್ 1ರಂದು ಕೊಳ್ಳೇಗಾಲ ಮೈಸೂರಿಗೆ ಮರಳಿತು, ನಾವು ಮರಳಲಿಲ್ಲ. ಭಾಷೆಯ ದುಃಖವನ್ನು ತಿಳಿದವರು ಬರೆದಿದ್ದಾರೆ, ಬರೆಯಲಿ. ನನ್ನ ದುಃಖ ಸ್ವಲ್ಪ ಕೀಳುಮಟ್ಟದ್ದು: ಮಾತು ಕನ್ನಡ, ರಸೀದಿ ತಮಿಳು, ಗಿರಾಕಿ ಚೆಕ್‌ಪೋಸ್ಟಿನ ಆಚೆ.

ಗೆರೆ ಬಿದ್ದು ಸೀಮೆ ಎರಡಾದಂತೆ ಕಾಡಿನ ಕಾನೂನೂ ಎರಡಾಯಿತು. ದಕ್ಷಿಣದ ರೈಲು ಎಂಜಿನ್ನುಗಳು ಮೊದಮೊದಲು ಉರಿಸುತ್ತಿದ್ದದ್ದು ಕಲ್ಲಿದ್ದಲನ್ನಲ್ಲ, ಸೌದೆಯನ್ನು. ಹಳಿಯ ಕೆಳಗೆ ಹಾಕುವ ಅಡ್ಡಮರಕ್ಕೂ ಕಾಡೇ ಬೇಕು. ಕಾಡು ಹೀಗೇ ಕರಗಿದರೆ ರೈಲಿಗೇ ಮರ ಸಿಕ್ಕದು ಎಂಬ ಭಯವೂ ಸೇರಿ 1882ರಲ್ಲಿ ಮದರಾಸು ಅರಣ್ಯ ಕಾಯಿದೆ ಬಂತು. ಮೈಸೂರಿನವರು 1900ರಲ್ಲಿ ತಮ್ಮದೇ ಅರಣ್ಯ ರೆಗ್ಯುಲೇಷನ್ ಮಾಡಿಕೊಂಡರು. ಅಂದರೆ ಗಡಿಯ ಈಚೆ ಕಡಿದ ಕೊರಡಿಗೆ ಒಂದು ಕಾಗದ, ಆಚೆ ಹೋದಮೇಲೆ ಅದನ್ನು ಒಪ್ಪಿಸಲು ಇನ್ನೊಂದು. ರೈಲು ಹೊಟ್ಟೆ ತುಂಬಾ ತಿಂದ ಮೇಲೆ ಹೊರೆ ಹೊತ್ತ ಹೆಂಗಸಿಗೆ ಲೆಕ್ಕ ಕೇಳಿದರು ಎಂದು ನಮ್ಮ ತಾತ ಅನ್ನುತ್ತಿದ್ದ. ತಾತ ಓದಿದವನಲ್ಲ, ಆದರೆ ತಪ್ಪೇನೂ ಹೇಳಲಿಲ್ಲ.

ಈ ಕಸುಬನ್ನು ಶುರುಮಾಡಿದವರೂ ಆ ಹೆಂಗಸರೇ. ಡಿಪೋ, ತಕ್ಕಡಿ ಎಲ್ಲ ಆಮೇಲಿನದು. ತಲೆಗೆ ಸಿಂಬೆ, ಅದರ ಮೇಲೆ ಹೊರೆ, ಹಟ್ಟಿಯಿಂದ ಪೇಟೆಗೆ ಕಾಲ್ನಡಿಗೆ. ಬೆಟ್ಟದ ಬುಡಕಟ್ಟಿನ ಸೋಲಿಗರು, ಊರಾಳಿಗಳು, ಊರಿನ ಬಡ ಹೆಂಗಸರು ತಂದ ಹೊರೆಯನ್ನು ಟೀ ಅಂಗಡಿಯವನು ಕಣ್ಣಳತೆಯಲ್ಲೇ ಬೆಲೆ ಕಟ್ಟಿ ಇಳಿಸಿಕೊಳ್ಳುತ್ತಿದ್ದ. ತೂಕ ಇಲ್ಲದ್ದರಿಂದ ಮೋಸ ಹೋಗುತ್ತಿದ್ದವರು ಯಾವಾಗಲೂ ಹೊತ್ತವರೇ. ತಾತನಿಗೆ ಜೋಡಿ ಎತ್ತಿತ್ತು, ಅಷ್ಟೇ ವ್ಯತ್ಯಾಸ. 1926ರಲ್ಲಿ ನಂಜನಗೂಡಿನ ರೈಲು ಚಾಮರಾಜನಗರಕ್ಕೆ ಬಂದ ಮೇಲೆ ಆ ಪೇಟೆ ಬೆಳೆಯಿತು, ಹೋಟೆಲುಗಳಾದವು, ಗಾಡಿ ಸೌದೆಗೆ ಗಿರಾಕಿ ಹುಟ್ಟಿತು. ಸುಡುಗಾಡಿನ ವ್ಯಾಪಾರ ಮಾತ್ರ ನಮಗೆ ಯಾವತ್ತೂ ದೊಡ್ಡದಾಗಲಿಲ್ಲ. ಈ ಸೀಮೆಯಲ್ಲಿ ಲಿಂಗಾಯತರು ಬಹಳ, ಅವರು ಹೂಳುವವರು.

ಸೌದೆ ಸೌದೆಯೇ ಅಂದುಕೊಂಡವರು ಒಲೆ ಊದಿದವರಲ್ಲ. ದಿಂಡಿಗ ಎಲ್ಲಕ್ಕಿಂತ ಮೇಲು: ಭಾರ, ನಿಧಾನದ ಕೆಂಡ, ಹೊಗೆ ಕಡಿಮೆ. ಅದು ಕಾಡುಮರ, ಈಗ ಕೈ ಹಚ್ಚುವಂತಿಲ್ಲ. ಹುಣಸೆ ಮದುವೆ ಅಡುಗೆಯವರ ಆಯ್ಕೆ, ಆದರೆ ಅದನ್ನು ಸೀಳುವಾಗ ಕೊಡಲಿಯ ಬಾಯಿ ಮುರಿಯುತ್ತದೆ, ಬೆಣೆ ಹೊಡೆಯಬೇಕು. ಸರ್ವೆ ನೇರವಾಗಿ ಸೀಳಿಕೊಳ್ಳುತ್ತದೆ, ಎಳೆ ಹುಡುಗನೂ ಸೀಳಬಹುದು. ನೀಲಗಿರಿ ಬೇಗ ಹತ್ತಿ ಬೇಗ ಮುಗಿಯುತ್ತದೆ, ಟೀ ಅಂಗಡಿಗೆ ಸರಿ, ಮುದ್ದೆ ಬೇಯಿಸುವ ಮನೆಗೆ ಆಗದು. ಬಳ್ಳಾರಿ ಜಾಲಿಯ ಮುಳ್ಳನ್ನು ಬೈಯದವರಿಲ್ಲ, ಅದರ ಕೆಂಡವನ್ನು ಹೊಗಳದವರೂ ಇಲ್ಲ. 19ನೇ ಶತಮಾನದಲ್ಲಿ ಸೌದೆಗೆಂದೇ ಹೊರದೇಶದಿಂದ ತಂದ ಗಿಡ, ಇವತ್ತು ಕೀಳಲು ಸರ್ಕಾರ ದುಡ್ಡು ಸುರಿಯುತ್ತಿದೆ.

ಇಷ್ಟೆಲ್ಲಕ್ಕಿಂತ ದೊಡ್ಡ ವಿದ್ಯೆ ಒಣಗಿಸುವುದು. ಆಗಷ್ಟೇ ಕಡಿದ ಮರದ ತೂಕದಲ್ಲಿ ಅರ್ಧದಷ್ಟು ಬರೀ ನೀರಿರುತ್ತದೆ. ಹಸಿಯನ್ನೇ ತೂಗಿ ಮಾರಿದರೆ ವ್ಯಾಪಾರಿಗೆ ಲಾಭ, ಗಿರಾಕಿಯ ಮನೆಯವಳಿಗೆ ಕಣ್ಣುರಿ. ನಮ್ಮಪ್ಪ ಇದಕ್ಕೇ ಜಗಳವಾಡುತ್ತಿದ್ದ: "ಮೊದಲು ಸೀಳು, ಆಮೇಲೆ ಒಟ್ಟು. ತೊಗಟೆ ಮೇಲಕ್ಕಿರಲಿ, ಗಾಳಿ ಅಡ್ಡ ಹಾಯಲಿ. ಕೊರಡಾಗಿಯೇ ಬಿಟ್ಟರೆ ವರ್ಷ ಕಳೆದರೂ ಒಳಗೆ ಹಸಿ ಕಣ್ಲಾ." ಈಗ ಕೊಯ್ಯಲು ಮಿಷನ್ ಇದೆ, ಸಾಗಿಸಲು ಟಾಟಾ ಏಸ್ ಇದೆ. ಬಿಸಿಲಿಗೆ ಬದಲು ಮಾತ್ರ ಏನೂ ಬಂದಿಲ್ಲ.

ಕಾಡುಗಳ್ಳ ವೀರಪ್ಪನ್ ಕಾಲದಲ್ಲಿ ಕಾಡಂಚಿಗೆ ಹೋಗುವುದೇ ನಿಂತುಹೋಯಿತು. ಅವನಿಗೆ ಅಕ್ಕಿ ಕೊಟ್ಟೆಯಾ ಎಂದು ಪೊಲೀಸರು, ನಮ್ಮ ಸುದ್ದಿ ಹೇಳಿದೆಯಾ ಎಂದು ಅವನ ಕಡೆಯವರು. ಅವನನ್ನು ಹಿಡಿಯಲು ಬಂದ ಪೊಲೀಸ್ ಕಾರ್ಯಪಡೆಯ ದೌರ್ಜನ್ಯದ ದೂರುಗಳನ್ನು ಕೇಳಲು ಮಾನವ ಹಕ್ಕುಗಳ ಆಯೋಗ ನ್ಯಾಯಮೂರ್ತಿ ಸದಾಶಿವ ಅವರ ಸಮಿತಿಯನ್ನೇ ನೇಮಿಸಬೇಕಾಯಿತು. 2000ದ ಜುಲೈ 30ರ ರಾತ್ರಿ ನಮ್ಮ ತಾಳವಾಡಿ ಕಡೆಯ ದೊಡ್ಡ ಗಾಜನೂರಿನಿಂದ ವೀರಪ್ಪನ್ ನಟ ಡಾ. ರಾಜಕುಮಾರ್ ಅವರನ್ನು ಹೊತ್ತೊಯ್ದಾಗ ದೇಶಕ್ಕೆಲ್ಲ ತಾಳವಾಡಿಯ ಹೆಸರು ಗೊತ್ತಾಯಿತು. ನಮ್ಮ ಮನೆಯಲ್ಲಿ ಆಗ ಒಲೆಗೆ ಹಾಕಿದ್ದು ತೆಂಗಿನ ಮಟ್ಟೆ, ಜೋಳದ ದಂಟು.

ನನ್ನ ಎಣಿಕೆಯಲ್ಲಿ ಕಾಡಿನ ಸೌದೆ ಮುಗಿದದ್ದು ಆ ಭಯದಲ್ಲಿ, ಹುಲಿಯಿಂದಲ್ಲ. 2013ರಲ್ಲಿ ಸತ್ಯಮಂಗಲ ಹುಲಿ ಮೀಸಲು ಪ್ರದೇಶವಾದಾಗ ಹಾಕಿದ್ದ ಬಾಗಿಲಿಗೆ ಬೀಗ ಬಿತ್ತು, ಅಷ್ಟೆ. ಅಷ್ಟರೊಳಗೆ ಸರ್ಕಾರದ ಬಿಟ್ಟಿ ಗ್ಯಾಸ್ ಒಲೆಯೂ ಬಂದಿತ್ತು. ಗ್ಯಾಸ್ ಬಂತು, ನಿನ್ನ ಅಂಗಡಿ ಮುಚ್ಚುತ್ತದೆ ಎಂದು ಎಷ್ಟೋ ಜನ ಹೇಳಿದರು. ಮುಚ್ಚಲಿಲ್ಲ. ಹಾಲು ಕಾಯಿಸಲು ಗ್ಯಾಸ್, ಸ್ನಾನದ ಹಂಡೆಗೆ ಸೌದೆ. ನೂರಾರು ಜನರ ಊಟಕ್ಕೆ ಸಿಲಿಂಡರ್ ಜೋಡಿಸುವವರು ನಮ್ಮ ಕಡೆ ಇನ್ನೂ ಕಡಿಮೆ.

2022ರ ಫೆಬ್ರವರಿಯಿಂದ ಹೈಕೋರ್ಟ್ ಆದೇಶದ ಮೇಲೆ ದಿಂಬಂ ಘಟ್ಟದಲ್ಲಿ ಭಾರಿ ಗಾಡಿಗಳು ರಾತ್ರಿ ಓಡಾಡುವಂತಿಲ್ಲ. ಪ್ರಾಣಿಗಳಿಗೆ ಒಳ್ಳೆಯದೇ ಆಯಿತು, ಅದರಲ್ಲಿ ನನ್ನ ತಕರಾರಿಲ್ಲ. ಆದರೆ ಕೆಳಗಿನ ಸತ್ಯಮಂಗಲದ ಪೇಟೆ ಇನ್ನಷ್ಟು ದೂರವಾಯಿತು. ಹೀಗಾಗಿ ಇವತ್ತು ನಾನು ಸೀಳುವುದೆಲ್ಲ ರೈತರ ಬದುವಿನ ಮರ, ಮಾರುವುದೆಲ್ಲ ಗಾಡಿ ಒಂದು ಹೊತ್ತಿನಲ್ಲಿ ಹೋಗಿ ಬರುವ ಊರುಗಳಿಗೆ. ಕಾಡಿನಿಂದ ಒಂದು ಪುರಳೆಯೂ ಬರುವುದಿಲ್ಲ. ಆದರೂ ದಾರಿಯಲ್ಲಿ ನಿಲ್ಲಿಸುವವರು ಮೊದಲು ಕೇಳುವುದು "ಯಾವ ಕಾಡಿನದು?" ಎಂದೇ. ನೂರನಲವತ್ತು ವರ್ಷದ ಹಿಂದಿನ ಆ ಕಾಯಿದೆಯ ಅನುಮಾನ, ಇನ್ನೂ ಆರಿಲ್ಲ.

ಆದ್ದರಿಂದ ಬೆಟ್ಟದ ರೈತರಲ್ಲಿ ಒಂದು ಮಾತು. ಬದುವಿನಲ್ಲಿ ಸರ್ವೆ, ಸಿಲ್ವರ್ ಓಕ್, ಬೇವು ಏನೇ ಬೆಳೆಸಿದರೂ ಗ್ರಾಮ ಆಡಳಿತಾಧಿಕಾರಿ (ವಿಎಒ) ಹತ್ತಿರ ಹೊಲದ ಲೆಕ್ಕದ ಪುಸ್ತಕವಾದ ಅಡಂಗಲ್‌ನಲ್ಲಿ ಮರವನ್ನು ಬರೆಸಿಡಿ. ಕಡಿಯುವ ಹಿಂದಿನ ದಿನ ಓಡಿ ಬಂದರೆ ಆಗುವುದಿಲ್ಲ. ಆ ಒಂದು ಸಾಲು ಇಲ್ಲದಿದ್ದರೆ ನಿಮ್ಮ ಮರಕ್ಕೆ ನಾನು ಒಳ್ಳೆಯ ಬೆಲೆ ಕೊಡಲಾರೆ.