ಪ್ಯಾರಿಸ್ಸಿನ ಲಿಪ್ ಬ್ರಾಸರಿ

ಪ್ಯಾರಿಸ್ ನಗರದಲ್ಲಿ ಸೇನ್ ನದಿಯ ಎಡದಂಡೆಯ ಕಡೆಗೆ, ಸ್ಯಾಂ-ಜರ್ಮೇನ್ ಎಂಬ ರಾಜಬೀದಿಯ 151ನೆಯ ಸಂಖ್ಯೆಯ ಕಟ್ಟಡದಲ್ಲಿ ಲಿಪ್ ಎಂಬ ಹೆಸರಿನ ಒಂದು ಬ್ರಾಸರಿಯುಂಟು. ಬ್ರಾಸರಿಯೆಂದರೆ ಮೊದಲಿಗೆ ಬಿಯರ್ ತಯಾರಿಸುವ ಸ್ಥಳ. ಕಾಲಕ್ರಮದಲ್ಲಿ ಅದು ಬಿಯರಿನೊಡನೆ ಊಟವನ್ನೂ ಒದಗಿಸುವ, ಹೊತ್ತಲ್ಲದ ಹೊತ್ತಿನಲ್ಲಿ ಬಂದವರಿಗೂ ಎಡೆಯಿಡುವ ವಿಶಾಲವಾದ ಭೋಜನಶಾಲೆಯ ಹೆಸರಾಯಿತು. ಲಿಪ್ಪನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಅಲ್ಲಿ ಕುಳಿತೆದ್ದ ಕವಿಗಳ ಹಾಗೂ ಮಂತ್ರಿಗಳ ಹೆಸರುಗಳನ್ನು ಪೋಣಿಸುವುದರಲ್ಲಿಯೇ ತೃಪ್ತರಾಗುತ್ತಾರೆ. ಆ ಮೇಜುಗಳನ್ನು ಹಾಕಿದವರು ಯಾರು, ಯಾವ ಸೀಮೆಯನ್ನು ಬಿಟ್ಟು, ಯಾವ ಸಂಕಟಕ್ಕೆ ಸಿಕ್ಕಿ ಆ ನಗರಕ್ಕೆ ಬಂದವರು ಎಂಬ ವಿಚಾರವೇ ನನಗೆ ಅದಕ್ಕಿಂತ ಹೆಚ್ಚು ಮನನೀಯವಾಗಿ ತೋರುತ್ತದೆ.

1870ರಲ್ಲಿ ಪ್ರಷ್ಯದೊಡನೆ ಆರಂಭವಾದ ಯುದ್ಧದಲ್ಲಿ ಫ್ರಾನ್ಸ್ ಪರಾಭವಗೊಂಡು, 1871ರ ಮೇ ತಿಂಗಳ 10ರಂದು ಫ್ರಾಂಕ್‌ಫರ್ಟಿನಲ್ಲಿ ಆದ ಕೌಲಿನ ಪ್ರಕಾರ ಆಲ್ಸೇಸ್ ಸೀಮೆಯು ಲೊರೇನಿನ ಒಂದು ಭಾಗದೊಡನೆ ಜರ್ಮನ್ ಸಾಮ್ರಾಜ್ಯಕ್ಕೆ ಸೇರಿಹೋಯಿತು. ಫ್ರೆಂಚ್ ಪ್ರಜೆಗಳಾಗಿಯೇ ಉಳಿಯಬೇಕೆಂಬವರು 1872ರ ಅಕ್ಟೋಬರ್ 1ರೊಳಗಾಗಿ ಆ ಇಚ್ಛೆಯನ್ನು ಪ್ರಕಟಿಸಿ ನೆಲವನ್ನು ತೊರೆಯಬೇಕಾಗಿದ್ದಿತು. ಲಕ್ಷಕ್ಕೂ ಮಿಕ್ಕಿದ ಜನ ಹಾಗೆ ಮನೆಮಠಗಳನ್ನು ಬಿಟ್ಟು ಹೊರಟರು. ಮಾತಿನಲ್ಲಿ ಜರ್ಮನ್ನಿಗೆ ಹತ್ತಿರವಾದ, ನಿಷ್ಠೆಯಲ್ಲಿ ಫ್ರಾನ್ಸಿಗೆ ಸೇರಿದ ಈ ಜನರ ಕೈಯಲ್ಲಿದ್ದ ವಿದ್ಯೆಗಳಲ್ಲಿ ಬಿಯರ್ ತಯಾರಿಕೆಯೂ ಒಂದು.

ಆ ವಿದ್ಯೆಗೆ ಪ್ಯಾರಿಸ್ಸಿನಲ್ಲಿ ಕಾಲವೂ ಒದಗಿ ಬಂದಿದ್ದಿತು. 1852ರಲ್ಲಿ ಸ್ಟ್ರಾಸ್‌ಬರ್ಗಿಗೆ ರೈಲುದಾರಿಯಾದಂದಿನಿಂದ ಅಲ್ಲಿಯ ಬಿಯರ್ ರಾಜಧಾನಿಯಲ್ಲಿ ಪರಿಚಿತವಾಗಿದ್ದಿತು. ಫಿಲಾಕ್ಸೆರ ಎಂಬ ಕೀಟವು ದ್ರಾಕ್ಷಿಯ ಬಳ್ಳಿಗಳನ್ನು ಬೇರಿನಿಂದಲೇ ತಿಂದು ದ್ರಾಕ್ಷಾರಸವು ದುರ್ಲಭವೂ ದುಬಾರಿಯೂ ಆಗುತ್ತಿದ್ದಿತು. ವಿಜ್ಞಾನಿಯಾದ ಲೂಯಿ ಪಾಶ್ಚರನು, ಸ್ವದೇಶದ ಬಿಯರ್ ಜರ್ಮನಿಯದನ್ನು ಮೀರಿಸಬೇಕೆಂಬ ಹಟದಿಂದ ಸಂಶೋಧನೆ ನಡೆಸಿ, 1876ರಲ್ಲಿ ಅದನ್ನು ಕುರಿತ ಗ್ರಂಥವನ್ನೇ ಪ್ರಕಟಿಸಿದ್ದನು. ಇಂಥ ಸಂಧಿಕಾಲದಲ್ಲಿ, 1880ರಲ್ಲಿ, ಆಲ್ಸೇಸಿನಿಂದ ಬಂದ ಲಿಯೊನಾರ್ ಲಿಪ್ ಎಂಬಾತನು ಪತ್ನಿ ಪೆತ್ರೊನೀಲಳೊಡನೆ, ಆಗಷ್ಟೇ ಪೂರ್ಣಗೊಂಡಿದ್ದ ಆ ಹೊಸ ರಾಜಬೀದಿಯಲ್ಲಿ ಬ್ರಾಸರಿಯೊಂದನ್ನು ತೆರೆದು, ಕಳೆದುಕೊಂಡ ನಾಡಿನ ನದಿಯನ್ನು ನೆನೆದು ಅದಕ್ಕೆ ರೈನ್ ತೀರದ ಬ್ರಾಸರಿಯೆಂದು ಹೆಸರಿಟ್ಟನು.

ಅಲ್ಲಿ ದೊರೆಯುತ್ತಿದ್ದುದು ಆಡಂಬರದ ಅಡುಗೆಯಲ್ಲ. ಬಿಯರ್, ಸಾಸಿವೆ ಬೆರೆತ ರೆಮುಲಾದ್ ಎಂಬ ಗೊಜ್ಜು ಸವರಿದ ಸೆರ್ವಲಾ ಎಂಬ ದಪ್ಪನೆಯ ಸಾಸೇಜು, ಮತ್ತು ಆಲ್ಸೇಸಿನ ಷೂಕ್ರುತ್. ಈ ಷೂಕ್ರುತ್ತಿಗೆ ಎಲೆಕೋಸನ್ನು ಸಣ್ಣಗೆ ಹೆಚ್ಚಿ, ಪೀಪಾಯಿಯಲ್ಲಿ ಪದರಪದರವಾಗಿ ಉಪ್ಪು ಬೆರೆಸಿ ಅದುಮಿ, ಮೇಲೊಂದು ಹಲಗೆಯಿಟ್ಟು ಕಲ್ಲು ಹೇರುತ್ತಾರೆ. ನಮ್ಮ ಮನೆಗಳ ಭರಣಿಯಲ್ಲಿ ಮಾವಿನ ಮಿಡಿ ಉಪ್ಪುಂಡು ನೀರು ಬಿಡುವ ಹಾಗೆ ಕೋಸು ತನ್ನ ನೀರನ್ನು ತಾನೇ ಬಿಟ್ಟುಕೊಂಡು, ಅದರಲ್ಲಿಯೇ ಮುಳುಗಿ, ಕೆಲವು ವಾರಗಳಲ್ಲಿ ಹದವಾಗಿ ಹುಳಿಯೇರುತ್ತದೆ. ಅನಂತರ ದ್ರಾಕ್ಷಾರಸವೆರೆದು, ಜೂನಿಪರ್ ಕಾಯಿಗಳನ್ನು ಹಾಕಿ ಮೆಲ್ಲನೆ ಬೇಯಿಸಿ, ಆಲೂಗಡ್ಡೆ, ಹಂದಿಯ ಮಾಂಸ, ಸಾಸೇಜುಗಳೊಡನೆ ಬಡಿಸುವರು. ದೀರ್ಘವಾದ ಚಳಿಗಾಲವನ್ನು ದಾಟಲು ಹಳ್ಳಿಯ ಗೃಹಿಣಿಯರು ಕಂಡುಕೊಂಡ ಈ ಆಹಾರವು ರಾಜಧಾನಿಯ ರುಚಿಯಾಗಿ ನೆಲೆಗೊಂಡಿತು.

1914ರಲ್ಲಿ ಮತ್ತೆ ಯುದ್ಧ ಬಂದಾಗ ನಡೆದ ಸಂಗತಿಯು ಈ ಚರಿತ್ರೆಯಲ್ಲೆಲ್ಲ ಅತ್ಯಂತ ದುಃಖಕರವೆಂದು ನನ್ನ ಭಾವನೆ. ಪ್ಯಾರಿಸ್ಸಿನ ಜನ ರೋಷಾವೇಶದಲ್ಲಿ ಜರ್ಮನ್ ಛಾಯೆಯ ಹೆಸರಿದ್ದ ಅಂಗಡಿಗಳ ಮೇಲೆ ಬಿದ್ದರು. ಸ್ವಿಟ್ಸರ್ಲೆಂಡಿನವರದಾದ ಮ್ಯಾಗಿ ಕಂಪೆನಿಯ ಹಾಲಿನಂಗಡಿಗಳು ಕೂಡ ಪುಡಿಯಾದುವು. ರೈನ್ ನದಿಯ ಹೆಸರು ಆಗ ಶತ್ರುವಿನ ಹೆಸರಾಗಿ ಕೇಳಿಸತೊಡಗಿತು. ಜರ್ಮನಿಯ ಆಳ್ವಿಕೆಯಲ್ಲಿ ಬಾಳಲೊಲ್ಲದೆ ಊರು ಬಿಟ್ಟು ಬಂದವರ ನೆನಪಿನ ಹಲಗೆ, ಜರ್ಮನ್ ದ್ವೇಷದ ಕಾರಣದಿಂದಲೇ ಬಾಗಿಲ ಮೇಲಿನಿಂದ ಇಳಿಯಬೇಕಾಯಿತು. ಮುಂದೆ ಉಳಿದದ್ದು ಸ್ಥಾಪಕನ ಹೆಸರು ಮಾತ್ರ. 1918ರಲ್ಲಿ ಆಲ್ಸೇಸ್ ಫ್ರಾನ್ಸಿಗೆ ಮರಳಿ ಬಂದಿತಾದರೂ ಹಳೆಯ ಹೆಸರು ಮರಳಲಿಲ್ಲ.

1920ರಲ್ಲಿ ಬ್ರಾಸರಿಯನ್ನು ಕೊಂಡ ಮಾರ್ಸೆಲಾಂ ಕಾಜ್ ಬೇರೊಂದು ಸೀಮೆಯ ವಲಸೆಗಾರ. ಫ್ರಾನ್ಸಿನ ನಡುವಿನ ಓವೆರ್ನ್ ಮತ್ತು ಅದಕ್ಕೆ ಹೊಂದಿದ ಅವೆರೋನ್ ಪ್ರದೇಶಗಳು ಬಡ ಬೆಟ್ಟಸೀಮೆಗಳು. ಅಲ್ಲಿಯ ಗಂಡಸರು ತಲೆಮಾರುಗಳಿಂದ ಪ್ಯಾರಿಸ್ಸಿಗೆ ಬಂದು, ಮಹಡಿ ಮಹಡಿಗೆ ನೀರು ಹೊತ್ತು, ಇದ್ದಲು ಮಾರಿ, ಇದ್ದಲಂಗಡಿಯ ಪಕ್ಕದಲ್ಲಿಯೇ ದ್ರಾಕ್ಷಾರಸದ ಸಣ್ಣ ಅಂಗಡಿ ಹೂಡಿ, ಕೊನೆಗೆ ನಗರದ ಕಾಫಿಗೃಹಗಳಲ್ಲಿ ಬಹುಭಾಗಕ್ಕೆ ಒಡೆಯರಾದರು. ಕಾಜ್ ಆ ಪರಂಪರೆಯವನು. ಅವನು ಬ್ರಾಸರಿಯನ್ನು ವಿಸ್ತರಿಸಿ ಅಲಂಕರಿಸಿದನಾದರೂ ಆಲ್ಸೇಸಿನ ಅಡುಗೆಯನ್ನು ಕೈಬಿಡಲಿಲ್ಲ. ಗೋಡೆಗಳ ಮೇಲೆ ಹಸುರು ಗಿಡಬಳ್ಳಿಗಳನ್ನು ಚಿತ್ರಿಸಿದ ಹೊಳೆಯುವ ಹೆಂಚುಗಳು ಕವಿ ಲಿಯೊನ್-ಪಾಲ್ ಫಾರ್ಗನ ಮನೆತನದ ಕುಶಲತೆಯ ಫಲ. ಆ ಕವಿ ಅಲ್ಲಿಗೆ ನಿತ್ಯದ ಅತಿಥಿ.

ಆ ದಿನಗಳ ಲಿಪ್ಪನ್ನು ಅಮೆರಿಕದ ಲೇಖಕ ಹೆಮಿಂಗ್ವೇ ತನ್ನ ಪ್ಯಾರಿಸ್ ನೆನಪುಗಳಲ್ಲಿ ಚಿತ್ರಿಸಿದ್ದಾನೆ. ಹಸಿದಿದ್ದ ತರುಣ ಲೇಖಕ, ಬರಹಕ್ಕೆ ಸಂಭಾವನೆ ಬಂದೊಡನೆ ನೇರವಾಗಿ ಇಲ್ಲಿಗೆ ನಡೆದು, ಕನ್ನಡಿಯ ಗೋಡೆಗೆ ಬೆನ್ನುಕೊಟ್ಟು ಕುಳಿತು, ದೊಡ್ಡ ಪಾತ್ರೆಯ ಬಿಯರನ್ನೂ ಎಣ್ಣೆಯಲ್ಲಿ ನೆನೆದ ಆಲೂಗಡ್ಡೆಯನ್ನೂ ತರಿಸಿ, ತಟ್ಟೆಯ ಎಣ್ಣೆಯನ್ನು ರೊಟ್ಟಿಯಿಂದ ಒರಸಿ ತಿಂದು, ಮೇಲೆ ಸೆರ್ವಲಾ ಬೇಡುತ್ತಾನೆ. ಹಸಿವಿನ ವಿಷಯದಲ್ಲಿ ಇಷ್ಟು ಪ್ರಾಮಾಣಿಕವಾದ ಬರಹ ವಿರಳ.

1935ರಲ್ಲಿ ಕಾಜ್ ತನ್ನ ಹೆಸರಿನಲ್ಲಿ, ಅದುವರೆಗೆ ಬೇರೆ ಪ್ರಶಸ್ತಿ ಪಡೆಯದ ಲೇಖಕರಿಗೆಂದು ಸಾಹಿತ್ಯ ಬಹುಮಾನವೊಂದನ್ನು ಸ್ಥಾಪಿಸಿದನು. ಅವನ ತರುವಾಯ 1955ರಲ್ಲಿ ಮಗ ರೊಜೆ ಯಜಮಾನನಾದನು. ಬಂದವರನ್ನು ನೆಲಮಟ್ಟದ ಸಭಾಂಗಣದಲ್ಲಿ ಕೂರಿಸಬೇಕೇ ಮಹಡಿಗೆ ಕಳುಹಿಸಬೇಕೇ ಎಂಬುದನ್ನು ಅವನೇ ನಿರ್ಣಯಿಸುತ್ತಿದ್ದು, ಆ ನಿರ್ಣಯವು ಪ್ಯಾರಿಸ್ಸಿನಲ್ಲಿ ಮಾನಾಪಮಾನದ ಪ್ರಶ್ನೆಯಾಗಿದ್ದಿತು. ಮುಂದೆ ರಾಷ್ಟ್ರಾಧ್ಯಕ್ಷನಾದ ಮಿತೆರಾಂ ಅಲ್ಲಿಯ ಹಳೆಯ ಗಿರಾಕಿ.

ಆ ಬಾಗಿಲ ಮುಂದೆಯೇ ಒಂದು ಘೋರ ಕೃತ್ಯವೂ ನಡೆಯಿತು. ಮೊರಾಕೊ ದೇಶದ ವಿರೋಧಪಕ್ಷದ ನಾಯಕ ಮೆಹ್ದಿ ಬೆನ್ ಬರ್ಕಾ, ವಸಾಹತುಗಳ ವಿಮೋಚನೆಯನ್ನು ಕುರಿತ ಚಲನಚಿತ್ರವೊಂದರ ಮಾತುಕತೆಗೆಂದು 1965ರ ಅಕ್ಟೋಬರ್ 29ರಂದು ಅಲ್ಲಿಗೆ ಬಂದಾಗ ಇಬ್ಬರು ಫ್ರೆಂಚ್ ಪೊಲೀಸರು ಅವನನ್ನು ತಡೆದು ಕಾರಿನಲ್ಲಿ ಕೂರಿಸಿಕೊಂಡು ಹೋದರು. ಅವನ ದೇಹ ಕೂಡ ಎಂದೂ ದೊರೆಯಲಿಲ್ಲ. ಲಿಪ್ಪಿನ ಕೀರ್ತಿಯನ್ನು ಹೇಳುವವರು ಈ ಸಂಗತಿಯನ್ನು ಬಿಡಬಾರದು.

ರೊಜೆ ಕಾಜ್ 1987ರಲ್ಲಿ ತೀರಿಕೊಂಡ ಬಳಿಕ, ಕಾಲಕ್ರಮದಲ್ಲಿ ಬ್ರಾಸರಿಯು ಬೆರ್ಟ್ರಾಂ ಸಂಸ್ಥೆಯ ಕೈಸೇರಿತು. ಆ ಸಂಸ್ಥೆಯನ್ನು ಕಟ್ಟಿದವನೂ ಓವೆರ್ನಿನ ಬೆಟ್ಟಸೀಮೆಯವನೇ. ಷೂಕ್ರುತ್ತನ್ನು ಅವರೂ ಪಟ್ಟಿಯಿಂದ ತೆಗೆದಿಲ್ಲ.