ಕರುಣೆಯ ಮನೋವಿಜ್ಞಾನ

ಕರುಣೆ: ಮತ್ತೊಬ್ಬರ ಸಂಕಟ ಕಣ್ಣಿಗೆ ಬಿದ್ದಾಗ ಮನಸ್ಸು ಕರಗಿ, ಅದನ್ನು ನೀಗಿಸಬೇಕೆಂಬ ಬಯಕೆ ಹುಟ್ಟುವ ಸ್ಥಿತಿ. ಇನ್ನೊಬ್ಬರ ನೋವನ್ನು ತನ್ನದೆಂಬಂತೆ ಅನುಭವಿಸುವ ಪರಾನುಭೂತಿಗೂ ಇದಕ್ಕೂ ಹತ್ತಿರದ ನಂಟಿದೆ, ಆದರೆ ಎರಡೂ ಒಂದೇ ಅಲ್ಲ. ಧರ್ಮಗ್ರಂಥಗಳು ಕರುಣೆಯನ್ನು ಹೆಚ್ಚಾಗಿ ವ್ಯಕ್ತಿಯ ಗುಣವೆಂದು ಕಂಡವು. ಮನೋವಿಜ್ಞಾನವು ಅದನ್ನು ಸಂದರ್ಭಕ್ಕೆ ತಕ್ಕಂತೆ ಏರಿಳಿಯುವ, ಅಭ್ಯಾಸದಿಂದ ಬೆಳೆಯಬಲ್ಲ ಪ್ರಕ್ರಿಯೆಯಾಗಿ ನೋಡುತ್ತದೆ.

ಏಕಚಕ್ರಪುರದ ಪ್ರಸಂಗ

ಚಿಕ್ಕಬಳ್ಳಾಪುರ ಜಿಲ್ಲೆಯ ಚಿಂತಾಮಣಿ ತಾಲ್ಲೂಕಿನ ಕೈವಾರವೇ ಮಹಾಭಾರತದ ಏಕಚಕ್ರಪುರ ಎಂಬುದು ಸ್ಥಳೀಯರ ನಂಬಿಕೆ. ಭೀಮಲಿಂಗೇಶ್ವರ ದೇವಾಲಯವನ್ನೂ ಊರಿನ ಬೆಟ್ಟವನ್ನೂ ರಾಕ್ಷಸ ಬಕಾಸುರನ ಕಥೆಯೊಂದಿಗೆ ಸೇರಿಸಿ ಹೇಳುತ್ತಾರೆ. ಏಕಚಕ್ರಪುರ ತಮ್ಮದೆನ್ನುವ ಊರುಗಳು ಬೇರೆಡೆಯೂ ಇವೆ. ಅದೇನೇ ಇರಲಿ, ಕರುಣೆ ಹೇಗೆ ಕೆಲಸ ಮಾಡುತ್ತದೆಂದು ತಿಳಿಯಲು ಈ ಪ್ರಸಂಗಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ರಂಗದ ಮೇಲೆ ಎಲ್ಲರೂ ಕಾಯುವುದು ಭೀಮ ಬಕಾಸುರನಿಗೆಂದು ಒಯ್ದ ಬಂಡಿ ಅನ್ನ ಉಣ್ಣುವ ದೃಶ್ಯಕ್ಕೆ. ಮನೋವಿಜ್ಞಾನಿಗೆ ಬೇಕಾದದ್ದು ಅದಕ್ಕಿಂತ ಮುಂಚೆ, ಪಾಂಡವರು ಆಶ್ರಯ ಪಡೆದಿದ್ದ ಬ್ರಾಹ್ಮಣನ ಮನೆಯೊಳಗೆ ನಡೆದದ್ದು. ಅಂದು ರಾಕ್ಷಸನಿಗೆ ಆಹಾರವಾಗುವ ಸರದಿ ಆ ಮನೆಯದು. ಗಂಡ, ಹೆಂಡತಿ, ಮಗಳು ನಾನು ಹೋಗುತ್ತೇನೆ, ನಾನು ಹೋಗುತ್ತೇನೆ ಎಂದು ಅಳುವುದನ್ನು ಕೇಳಿಸಿಕೊಂಡ ಪಾಂಡವರ ತಾಯಿ ಕುಂತಿ ಒಳಗೆ ಹೋಗಿ, ತನ್ನ ಮಗನೊಬ್ಬನನ್ನು ಕಳಿಸುವುದಾಗಿ ಹೇಳುತ್ತಾಳೆ.

ಜೆನಿಫರ್ ಗೋಟ್ಜ್, ಡ್ಯಾಚರ್ ಕೆಲ್ಟ್ನರ್ ಮತ್ತು ಎಮಿಲಿಯಾನಾ ಸೈಮನ್-ಥಾಮಸ್ 2010ರ ವಿಮರ್ಶಾ ಲೇಖನದಲ್ಲಿ, ಕರುಣೆ ಹುಟ್ಟುವ ಮುನ್ನ ಮನಸ್ಸು ಕೆಲವು ಅಂದಾಜುಗಳನ್ನು ಮಾಡುತ್ತದೆ ಎಂದರು. ನರಳುವವರು ನನಗೆ ಸಂಬಂಧಪಟ್ಟವರೇ? ಈ ಕಷ್ಟಕ್ಕೆ ಅವರೇ ಹೊಣೆಯೇ? ಇದನ್ನು ನಿಭಾಯಿಸುವ ಶಕ್ತಿ ನನಗಿದೆಯೇ? ಕುಂತಿಯ ವಿಷಯದಲ್ಲಿ ಮೂರಕ್ಕೂ ಉತ್ತರ ಅನುಕೂಲವಾಗಿಯೇ ಇತ್ತು. ಆಶ್ರಯ ಕೊಟ್ಟ ಮನೆ, ತಪ್ಪಿಲ್ಲದ ಸಂಸಾರ, ಜೊತೆಗೆ ಭೀಮನಂಥ ಮಗ. ಯುಧಿಷ್ಠಿರ ಆಕ್ಷೇಪಿಸಿದಾಗ ಅವಳು ಉಪಕಾರಸ್ಮರಣೆಯನ್ನೂ ಭೀಮನ ಬಲವನ್ನೂ ಮುಂದಿಡುತ್ತಾಳೆ. ಇದರಿಂದ ಅವಳ ಕರುಣೆಯ ಬೆಲೆ ತಗ್ಗುವುದಿಲ್ಲ. ಕೈಲಾಗದೆಂದು ತೋರಿದ ಕಡೆ ಮನಸ್ಸು ಮುಖ ತಿರುಗಿಸುವುದೇ ಹೆಚ್ಚು.

ಇನ್ನೊಂದು ಸಂಗತಿಯನ್ನು ಕಥೆ ಕೇಳುವವರು ಸಾಮಾನ್ಯವಾಗಿ ಗಮನಿಸುವುದಿಲ್ಲ. ಅಲ್ಲಿಯವರೆಗೆ ಊರಿನ ಎಷ್ಟೋ ಮನೆಗಳಿಂದ ಜನ ಹೋಗಿದ್ದರು. ಕುಂತಿಯನ್ನು ಕದಲಿಸಿದ್ದು ಗೋಡೆಯಾಚೆಯ ಒಂದು ಮನೆಯ ಅಳು. ನೊಂದವರ ಸಂಖ್ಯೆ ಏರಿದಂತೆ ಮರುಕ ಏರುವ ಬದಲು ಇಳಿಯಬಹುದೆಂದು ಪಾಲ್ ಸ್ಲೋವಿಕ್ ಮತ್ತು ಸಂಗಡಿಗರ ಪ್ರಯೋಗಗಳು ತೋರಿಸಿವೆ.

ಪ್ರಯೋಗಗಳು

ಪ್ರಿನ್ಸ್‌ಟನ್‌ನಲ್ಲಿ ಜಾನ್ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್ 1973ರಲ್ಲಿ ಪ್ರಕಟಿಸಿದ ಅಧ್ಯಯನ ಇಂದಿಗೂ ಚುಚ್ಚುತ್ತದೆ. ಪಾದ್ರಿಗಳಾಗಲು ಓದುತ್ತಿದ್ದವರು ಭಾಷಣ ಮಾಡಲು ಹೊರಟ ದಾರಿಯಲ್ಲಿ ಒಬ್ಬಾತ ನರಳುತ್ತ ಕುಳಿತಿರುತ್ತಾನೆ. ಸಮಯವಿದ್ದವರಲ್ಲಿ ಶೇ. 63ರಷ್ಟು ಮಂದಿ ನೆರವಾದರು, ತಡವಾಯಿತೆಂದು ಅವಸರಪಡಿಸಿದವರಲ್ಲಿ ಶೇ. 10 ಮಾತ್ರ. ಕೆಲವರ ಭಾಷಣದ ವಿಷಯವೇ ದಾರಿಹೋಕನಿಗೆ ನೆರವಾದ ಬೈಬಲ್ಲಿನ ಕಥೆಯಾಗಿತ್ತು. ಅದು ಅಂಕಿಅಂಶದ ದೃಷ್ಟಿಯಿಂದ ಗಣನೀಯ ವ್ಯತ್ಯಾಸ ಮಾಡಲಿಲ್ಲ.

ಟಾನಿಯಾ ಸಿಂಗರ್ ಮತ್ತು ಓಲ್ಗಾ ಕ್ಲಿಮೆಕಿ ಮಿದುಳಿನ ಚಿತ್ರಣದ ಮೂಲಕ ಪರಾನುಭೂತಿ ಮತ್ತು ಕರುಣೆಯನ್ನು ಬೇರ್ಪಡಿಸಿ ನೋಡಿದರು. ಪರರ ನೋವನ್ನು ಹೀರಿಕೊಳ್ಳುವ ತರಬೇತಿ ಪಡೆದವರಲ್ಲಿ ಸಂಕಟ ಹೆಚ್ಚಿತು. ಹಿತ ಹಾರೈಸುವ ಅಭ್ಯಾಸ ಮಾಡಿದ ಮೇಲೆ ಒಳ್ಳೆಯ ಭಾವಗಳು ಹೆಚ್ಚಿದವು, ಮಿದುಳಿನಲ್ಲಿ ಚುರುಕಾದ ಭಾಗಗಳೂ ಬೇರೆಯಾಗಿದ್ದವು. ದಾದಿಯರು, ಆಶಾ ಕಾರ್ಯಕರ್ತೆಯರು, ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಸೊಸೆ, ಮಗಳು ಅನುಭವಿಸುವ ಬಳಲಿಕೆಯನ್ನು 'ಕರುಣೆಯ ದಣಿವು' ಎನ್ನುವ ರೂಢಿ ಇದೆ. ಈ ಸಂಶೋಧಕರ ಪ್ರಕಾರ ದಣಿಯುವುದು ಪರಾನುಭೂತಿ. ಆದರೆ ಸರಿಯಾದ ಸಂಬಳವೂ ರಜೆಯೂ ಇಲ್ಲದ ಕಡೆ ಧ್ಯಾನದ ತರಬೇತಿಯನ್ನಷ್ಟೇ ಮದ್ದೆನ್ನುವುದು ಕಷ್ಟ.

ದಿನಬಳಕೆಯಲ್ಲಿ

'ಮಾಡಿದ್ದುಣ್ಣೋ ಮಹರಾಯ' ಎಂಬ ಗಾದೆ, ಕಷ್ಟಕ್ಕೆ ಅವರೇ ಹೊಣೆಯೇ ಎಂಬ ಎರಡನೆಯ ಅಂದಾಜಿನದೇ ತೀರ್ಪು. ಜ್ವರ ಬಂದವನಿಗೆ ಗಂಜಿ ಕಾಯಿಸಿ ಕೊಡುವ ನೆರೆಮನೆ, ಕುಡಿತಕ್ಕೆ ಬಿದ್ದವನ ಬಾಗಿಲಿಗೆ ಹೋಗುವುದಿಲ್ಲ. ಈ ಲೆಕ್ಕಾಚಾರವನ್ನು ಪಕ್ಕಕ್ಕಿಡುವ ಏರ್ಪಾಡುಗಳೂ ಸಮಾಜದಲ್ಲಿವೆ. ಬಳೆ ಮಾರುತ್ತಿದ್ದು ಮುಂದೆ ಯೋಗಿಯಾದ, 1726ರಲ್ಲಿ ಹುಟ್ಟಿದರೆನ್ನಲಾದ ಕೈವಾರ ತಾತಯ್ಯ, ಅಂದರೆ ಯೋಗಿ ನಾರೇಯಣ ಯತೀಂದ್ರರ ಮಠದಲ್ಲಿ ಗುರುಪೂರ್ಣಿಮೆಯ ಸಂಗೀತೋತ್ಸವಕ್ಕೆ ಜನ ಸೇರುತ್ತಾರೆ. ಅಂಥ ಕಡೆಯ ಅನ್ನದಾನದ ಪಂಕ್ತಿಯಲ್ಲಿ ಬಡಿಸುವವರು ಎಲೆ ನೋಡುತ್ತಾರೆಯೇ ಹೊರತು ಕುಳಿತವರ ಚರಿತ್ರೆಯನ್ನಲ್ಲ.

ಚಿಕಿತ್ಸೆಯಲ್ಲಿ

ತನ್ನನ್ನೇ ಹಳಿದುಕೊಳ್ಳುವ, ನಾಚಿಕೆಯಲ್ಲಿ ಕುಗ್ಗುವ ರೋಗಿಗಳಿಗಾಗಿ ಬ್ರಿಟನ್ನಿನ ಪಾಲ್ ಗಿಲ್ಬರ್ಟ್ ಕರುಣೆ ಕೇಂದ್ರಿತ ಚಿಕಿತ್ಸೆಯನ್ನು ರೂಪಿಸಿದರು. ಕೆಲವರಿಗೆ ಬೇರೆಯವರು ತೋರುವ ದಯೆಯೇ ಭಯ ಹುಟ್ಟಿಸುತ್ತದೆಂದು ಅವರು ಗುರುತಿಸಿದ್ದು ಮಹತ್ವದ್ದು. ಅಮೆರಿಕದ ಕ್ರಿಸ್ಟಿನ್ ನೆಫ್ 2003ರಲ್ಲಿ ಸ್ವಕರುಣೆಯ ಅಳತೆಗೋಲನ್ನು ಪ್ರಕಟಿಸಿದರು. ಅದು ಉತ್ತರಿಸುವವರ ಸ್ವಂತ ಹೇಳಿಕೆಯನ್ನೇ ನೆಚ್ಚಿಕೊಂಡಿರುವುದು ಅದರ ಮಿತಿ.

ಕರ್ನಾಟಕದಲ್ಲಿ ಚಿಕಿತ್ಸೆಗೆ ಕರುಣೆಯನ್ನು ತರುವ ಕೆಲಸಕ್ಕೆ ಬೇರೆಯದೇ ಹಾದಿ ಸಿಕ್ಕಿತು. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ (ಸ್ಥಾಪನೆ 1974) ರೋಗಿಯ ಮನೆಯವರನ್ನು ಚಿಕಿತ್ಸೆಯ ಪಾಲುದಾರರನ್ನಾಗಿ ಮಾಡಿಕೊಂಡಿತು. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸಿಬ್ಬಂದಿಗೇ ಮನೋರೋಗಗಳನ್ನು ಗುರುತಿಸುವ ತರಬೇತಿ ಕೊಟ್ಟಿತು. ಆ ಮಾದರಿ 1996ರಲ್ಲಿ ರಾಷ್ಟ್ರೀಯ ಮಟ್ಟದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ನಿಮ್ಹಾನ್ಸ್‌ನಲ್ಲೇ ದುಡಿದ ಮನೋವೈದ್ಯ ಸಿ.ಆರ್. ಚಂದ್ರಶೇಖರ್ ಕನ್ನಡದಲ್ಲಿ ಬರೆದ ಹಲವಾರು ಪುಸ್ತಕಗಳು ಮನೋರೋಗ ಯಾರ ತಪ್ಪೂ ಅಲ್ಲವೆಂಬುದನ್ನು ಸಾಮಾನ್ಯ ಓದುಗರಿಗೆ ತಿಳಿಸಿದವು. 2022ರಲ್ಲಿ ಆರಂಭವಾದ ಟೆಲಿ-ಮನಸ್ ಸಹಾಯವಾಣಿಗೆ (14416) ಯಾವ ಹಳ್ಳಿಯಿಂದಲಾದರೂ ಶುಲ್ಕವಿಲ್ಲದೆ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು.