ಫೋಟೊ ಕೆಳಗಿನ ಆ ನಂಬರ್: ಲೈಕ್ ಬಟನ್‌ನ ಒಂದು ಸಣ್ಣ ಇತಿಹಾಸ

1/6

ಕಳೆದ ಯುಗಾದಿ ರಜೆಯಲ್ಲಿ ಇಲ್ಲಿ ಅಪ್ಪನ ಫೋಟೊ ಒಂದು ಹಾಕಿದ್ದೆ. ನಿಮ್ಮಲ್ಲಿ ಬಹಳ ಜನ ನೋಡಿರಲ್ಲ, ಯಾಕಂದ್ರೆ ಅದು ಇಲ್ಲಿ ಇದ್ದಿದ್ದು 40 ನಿಮಿಷ ಮಾತ್ರ. ಬಸ್ ಸ್ಟ್ಯಾಂಡ್ ಹಿಂದಿನ ನಮ್ಮ ಸೈಕಲ್ ರಿಪೇರಿ ಅಂಗಡಿ. ಅಪ್ಪ ಪಂಕ್ಚರ್ ಆದ ಟ್ಯೂಬನ್ನ ನೀರಲ್ಲಿ ಮುಳುಗಿಸಿ, ಗುಳ್ಳೆ ಎಲ್ಲಿಂದ ಏಳುತ್ತೆ ಅಂತ ನೋಡ್ತಾ ಇದ್ದಾರೆ. ನಾನು ತೆಗೆದಿರೋದ್ರಲ್ಲಿ ನಂಗೆ ತುಂಬಾ ಇಷ್ಟವಾದ ಫೋಟೊ. ಬಂದ ಲೈಕ್ 9. ಅದೇ ಹೊತ್ತಿಗೆ ಕ್ಲಾಸ್‌ಮೇಟ್ ಒಬ್ಬಳ ಕಾಫಿ ಕಪ್‌ಗೆ 212. ಡಿಲೀಟ್ ಮಾಡಿದೆ.

ಒಂದು ವಾರ ಆದ್ಮೇಲೆ ಅಪ್ಪ ಕೇಳಿದ್ರು: "ನನ್ನ ಫೋಟೊ ಹಾಕಿದ್ದೀನಿ ಅಂದ್ಯಲ್ಲ, ಅಂಗಡಿಗೆ ಬರೋ ಹುಡುಗ್ರಿಗೆಲ್ಲ ಹೇಳಿದ್ದೆ. ಹುಡುಕಿದ್ರಂತೆ, ಸಿಗ್ಲಿಲ್ವಂತೆ." ನೆಟ್‌ವರ್ಕ್ ಪ್ರಾಬ್ಲಮ್ ಇರ್ಬೇಕು ಅಂದೆ.

ಆ ಸುಳ್ಳು ಇವತ್ತಿಗೂ ಚುಚ್ಚುತ್ತೆ. 9 ಅನ್ನೋ ಅಂಕಿಗೆ ಅಪ್ಪನಿಗಿಂತ ಹೆಚ್ಚು ಬೆಲೆ ಕೊಟ್ಟೆನಲ್ಲ! ನಾನು ಓದ್ತಿರೋದು ಹಿಸ್ಟರಿ. ಅದಕ್ಕೇ ಆ ಅಂಕಿ ಎಲ್ಲಿಂದ ಬಂತು ಅಂತ ಹುಡುಕ್ತಾ ಹೋದೆ. ಸಿಕ್ಕಿದ್ದನ್ನ ಈ 6 ಪೋಸ್ಟ್‌ಗಳಲ್ಲಿ ಹೇಳ್ತೀನಿ. ಪೂರ್ತಿ ಓದಿ.

2/6

ಮೊದಲು ಅಂಕಿಯೇ ಇಲ್ಲದ ಕಾಲಕ್ಕೆ ಹೋಗೋಣ.

2004ರ ಫೆಬ್ರವರಿ 4ರಂದು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಹಾಸ್ಟೆಲ್‌ನಿಂದ ಫೇಸ್‌ಬುಕ್ ಶುರುವಾಯಿತು. ಆಗ ಫೀಡ್ ಇರಲಿಲ್ಲ, ಲೈಕ್ ಇರಲಿಲ್ಲ. ಗೆಳೆಯ ಏನು ಮಾಡ್ತಿದ್ದಾನೆ ಅಂತ ತಿಳೀಬೇಕಾದ್ರೆ ಅವನ ಪುಟಕ್ಕೆ ನೀವೇ ಹೋಗಬೇಕಿತ್ತು. ಮನೆಗೆ ಹೋಗಿ ಬಾಗಿಲು ತಟ್ಟಿದ ಹಾಗೆ.

2006ರ ಸೆಪ್ಟೆಂಬರ್‌ನಲ್ಲಿ ನ್ಯೂಸ್ ಫೀಡ್ ಬಂತು. ಈಗ ಬಾಗಿಲು ತಟ್ಟೋದು ಬೇಡ, ಎಲ್ಲರ ಸುದ್ದಿಯೂ ಒಂದೇ ಕಡೆ ಬಂದು ಬೀಳ್ತಿತ್ತು. ಬಳಕೆದಾರರು ಖುಷಿಪಟ್ರಾ? ಇಲ್ಲ, ರೇಗಿದ್ರು. ಫೀಡ್ ವಿರುದ್ಧದ ಗುಂಪಿಗೆ ಕೆಲವೇ ದಿನಗಳಲ್ಲಿ ಲಕ್ಷಾಂತರ ಜನ ಸೇರಿದರು, ಅದೂ ಫೇಸ್‌ಬುಕ್‌ನಲ್ಲೇ! ಮಾರ್ಕ್ ಜುಕರ್‌ಬರ್ಗ್ ಕ್ಷಮೆ ಕೇಳಿದರು, ಪ್ರೈವಸಿ ಸೆಟ್ಟಿಂಗ್‌ಗಳನ್ನು ಕೊಟ್ಟರು. ಫೀಡನ್ನು ಮಾತ್ರ ತೆಗೆಯಲಿಲ್ಲ. ಅವತ್ತು ಜಗಳ ತೆಗೆದದ್ದನ್ನೇ ಇವತ್ತು ನಾವು ಎದ್ದ ತಕ್ಷಣ ತೆರೀತೀವಿ.

ಅದೇ 2006ರಲ್ಲಿ ಏಜಾ ರಾಸ್ಕಿನ್ ಎಂಬ ವಿನ್ಯಾಸಕಾರ ಕೊನೆಯಿಲ್ಲದ ಸ್ಕ್ರೋಲ್ ರೂಪಿಸಿದರು. ಮುಂದಿನ ಪುಟಕ್ಕೆ ಹೋಗಲು ಕ್ಲಿಕ್ ಮಾಡುವ ಕೆಲಸ ಉಳಿಸೋದು ಅವರ ಉದ್ದೇಶ. ಆದರೆ ಆ ಕ್ಲಿಕ್ ಜೊತೆಗೆ 'ಸಾಕಾ?' ಅಂತ ಕೇಳ್ಕೊಳ್ಳೋ ಒಂದು ಕ್ಷಣವೂ ಹೋಯ್ತು.

3/6

ಈಗ ಲೈಕ್ ಬಟನ್.

2007ರಲ್ಲೇ ಫೇಸ್‌ಬುಕ್ ಒಳಗೆ ಇದರ ಮಾತು ಶುರುವಾಗಿತ್ತು. ಆಗ ಅದರ ಹೆಸರು 'ಆಸಮ್' ಬಟನ್. ಲಿಯಾ ಪರ್ಲ್‌ಮನ್, ಜಸ್ಟಿನ್ ರೋಸೆನ್‌ಸ್ಟೈನ್ ಮೊದಲಾದವರು ಆ ತಂಡದಲ್ಲಿದ್ದರು. ಸಮಸ್ಯೆ ತುಂಬಾ ಸರಳ: ಯಾರಾದ್ರೂ ಒಳ್ಳೆ ಸುದ್ದಿ ಹಾಕಿದ್ರೆ ಕೆಳಗೆ 'ಕಂಗ್ರಾಟ್ಸ್, ಕಂಗ್ರಾಟ್ಸ್' ಅಂತ ಒಂದೇ ಮಾತಿನ ಸಾಲು. ಅದರ ನಡುವೆ ನಿಜವಾಗಿ ಏನೋ ಬರೆದವರ ಮಾತು ಮುಳುಗಿಹೋಗ್ತಿತ್ತು. ಒಂದು ಬಟನ್ ಕೊಟ್ಟರೆ ಆಯ್ತಲ್ಲ ಅಂತ ಯೋಚನೆ. ಅಷ್ಟರಲ್ಲಿ ಫ್ರೆಂಡ್‌ಫೀಡ್ ಎಂಬ ಇನ್ನೊಂದು ತಾಣ 2007ರ ಅಕ್ಟೋಬರ್‌ನಲ್ಲೇ ಲೈಕ್ ತಂದಿತ್ತು. ಫೇಸ್‌ಬುಕ್‌ಗೆ ಬಂದದ್ದು 2009ರ ಫೆಬ್ರವರಿ 9ರಂದು.

ಗಮನಿಸಿ: ಯಾರ ಬದುಕು ಚೆನ್ನಾಗಿದೆ ಅಂತ ಅಳೆಯೋಕೆ ಅದನ್ನ ಮಾಡಿದ್ದಲ್ಲ. ಟೈಪ್ ಮಾಡೋ ಶ್ರಮ ಉಳಿಸೋಕೆ ಮಾಡಿದ್ದು. ಆದರೆ ಬಟನ್ ಇದ್ದ ಮೇಲೆ ಎಣಿಕೆ ಬಂತು. ಎಣಿಕೆ ಎಲ್ಲರಿಗೂ ಕಾಣೋ ಹಾಗಾದ ಮೇಲೆ ಹೋಲಿಕೆ ಬಂತು. 2010ರ ಅಕ್ಟೋಬರ್ 6ರಂದು ಇನ್‌ಸ್ಟಾಗ್ರಾಮ್ ಶುರುವಾದಾಗ ಅದೇ ಎಣಿಕೆ ನಮ್ಮ ಫೋಟೊ ಕೆಳಗೂ ಬಂದು ಕೂತಿತು.

ಮತ್ತೆ ಮತ್ತೆ ಚೆಕ್ ಮಾಡ್ತೀವಲ್ಲ, ಅದಕ್ಕೂ ಹಳೆಯದೊಂದು ವಿವರಣೆ ಇದೆ. ಮನಃಶಾಸ್ತ್ರಜ್ಞರಾದ ಫರ್ಸ್ಟರ್ ಮತ್ತು ಸ್ಕಿನ್ನರ್ 1957ರಲ್ಲಿ ಪಾರಿವಾಳಗಳ ಮೇಲಿನ ತಮ್ಮ ಪ್ರಯೋಗಗಳನ್ನು ದೊಡ್ಡ ಪುಸ್ತಕವಾಗಿ ತಂದರು. ಕಾಳು ಯಾವಾಗ ಬೀಳುತ್ತೆ ಅಂತ ಗೊತ್ತಿಲ್ಲದಿದ್ದಾಗ ಹಕ್ಕಿ ಬಿಡದೆ ಕುಕ್ಕುತ್ತೆ. ಲೈಕ್ ಕೂಡ ಯಾವಾಗ ಬರುತ್ತೆ ಅಂತ ಗೊತ್ತಿರಲ್ಲ. ನಾವು ರಿಫ್ರೆಶ್ ಮಾಡ್ತಾ ಕೂರ್ತೀವಿ.

4/6

ಸರಿ, ಇದರಿಂದ ಮನಸ್ಸಿಗೆ ನಿಜವಾಗ್ಲೂ ಏನಾದ್ರೂ ಆಗುತ್ತಾ? ಮೂರು ಅಧ್ಯಯನ ಹೇಳ್ತೀನಿ.

ಒಂದು: ಫೇಸ್‌ಬುಕ್ ಶುರುವಿನಲ್ಲಿ ಅಮೆರಿಕದ ಎಲ್ಲ ಕಾಲೇಜಿಗೂ ಒಟ್ಟಿಗೇ ಬರಲಿಲ್ಲ, ಒಂದೊಂದಾಗಿ ಬಂತು. ಅರ್ಥಶಾಸ್ತ್ರಜ್ಞರಾದ ಬ್ರಗಿಯೆರಿ, ಲೆವಿ, ಮಕಾರಿನ್ ಇದನ್ನೇ ಹಿಡಿದು, ಬಂದ ಕಾಲೇಜು, ಇನ್ನೂ ಬರದ ಕಾಲೇಜುಗಳನ್ನು ಹೋಲಿಸಿದರು. 2022ರಲ್ಲಿ ಪ್ರಕಟವಾದ ಫಲಿತಾಂಶ: ಬಂದ ಕಡೆ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯ ಕುಸಿದಿತ್ತು. ತಮ್ಮನ್ನು ಸಹಪಾಠಿಗಳ ಜೊತೆ ಹೋಲಿಸಿಕೊಳ್ಳೋದೇ ಮುಖ್ಯ ಕಾರಣ ಇರಬಹುದು ಅನ್ನೋದು ಅವರ ವಿವರಣೆ. ಗೊತ್ತಿಲ್ಲದವರ ಜೊತೆ ಅಲ್ಲ, ಪಕ್ಕದ ಬೆಂಚಿನವರ ಜೊತೆ.

ಎರಡು: 2018ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ 143 ವಿದ್ಯಾರ್ಥಿಗಳ ಅಧ್ಯಯನ. ಒಂದು ಗುಂಪು ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ಸ್ನ್ಯಾಪ್‌ಚಾಟ್ ಪ್ರತಿಯೊಂದನ್ನೂ ದಿನಕ್ಕೆ 10 ನಿಮಿಷಕ್ಕೆ ಇಳಿಸಿತು. 3 ವಾರದಲ್ಲಿ ಅವರ ಒಂಟಿತನ, ಖಿನ್ನತೆ ಕಡಿಮೆಯಾಯಿತು. ಇನ್ನೊಂದು ಗುಂಪು ಎಂದಿನಂತೆ ಬಳಸಿ, ಎಷ್ಟು ಹೊತ್ತು ಅಂತ ಲೆಕ್ಕ ಕೊಡ್ತಿತ್ತು. ಅವರಲ್ಲೂ ಆತಂಕ ಸ್ವಲ್ಪ ಇಳಿದಿತ್ತು!

ಮೂರು: ಅದೇ ವರ್ಷ ಇನ್ನೊಂದು ತಂಡ ಜನರಿಗೆ ದುಡ್ಡು ಕೊಟ್ಟು 4 ವಾರ ಫೇಸ್‌ಬುಕ್ ನಿಲ್ಲಿಸಿಸಿತು. ದಿನಕ್ಕೆ ಸುಮಾರು 60 ನಿಮಿಷ ಉಳಿಯಿತು, ಖುಷಿ ಸ್ವಲ್ಪ ಹೆಚ್ಚಿತು. ಹಾಂ, ಸ್ವಲ್ಪವೇ. ಜೊತೆಗೆ ದೇಶದ ಸುದ್ದಿಯ ತಿಳಿವಳಿಕೆ ಕಡಿಮೆಯಾಯಿತು.

ಅಂದ್ರೆ ಇದು ವಿಷ ಅಲ್ಲ, ಅಮೃತವೂ ಅಲ್ಲ. ಎಷ್ಟು ಬಳಸ್ತೀವಿ, ಹೇಗೆ ಬಳಸ್ತೀವಿ ಅನ್ನೋದರ ಮೇಲಿದೆ. ಈ ಕಥೆ ಓದಿದ್ದೂ ಇಲ್ಲೇ ಅಲ್ವಾ?

5/6

ನನ್ನ ಕಣ್ಣು ತೆರೆಸಿದ್ದು ಈ ಭಾಗ.

ಲೈಕ್ ಬಟನ್ ತಂಡದಲ್ಲಿದ್ದ ರೋಸೆನ್‌ಸ್ಟೈನ್, ಮುಂದೆ ತಮ್ಮ ಫೋನಿನಲ್ಲಿ ಹೊಸ ಆ್ಯಪ್ ಹಾಕಿಕೊಳ್ಳಲು ಆಗದಂತೆ ಪೇರೆಂಟಲ್ ಕಂಟ್ರೋಲ್ ಹಾಕಿಸಿಕೊಂಡರು. ಮಕ್ಕಳ ಫೋನಿಗೆ ಹಾಕ್ತಾರಲ್ಲ, ಅದೇ! ಪರ್ಲ್‌ಮನ್ ತಮ್ಮ ಕಂಪ್ಯೂಟರ್‌ನಲ್ಲಿ ಫೀಡ್ ಕಾಣದ ಹಾಗೆ ಮಾಡಿಕೊಂಡರು. ರಾಸ್ಕಿನ್ ತಮ್ಮ ಸ್ಕ್ರೋಲ್ ಬಗ್ಗೆ ಬಹಿರಂಗವಾಗಿ ಪಶ್ಚಾತ್ತಾಪಪಟ್ಟರು. ಅಡುಗೆ ಮಾಡಿದವರೇ ಎಷ್ಟು ಉಣ್ಣಬೇಕು ಅಂತ ಅಳತೆ ಇಟ್ಟುಕೊಂಡ ಮೇಲೆ, ನಾವು ಮಾತ್ರ ಯಾಕೆ ಲೆಕ್ಕವಿಲ್ಲದೆ ಉಣ್ಣಬೇಕು?

2019ರಲ್ಲಿ ಇನ್‌ಸ್ಟಾಗ್ರಾಮ್ ಮೊದಲು ಕೆನಡಾದಲ್ಲಿ, ಜುಲೈನಲ್ಲಿ ಆಸ್ಟ್ರೇಲಿಯಾ, ಜಪಾನ್, ಬ್ರೆಜಿಲ್ ಸೇರಿ ಇನ್ನೂ 6 ದೇಶಗಳಲ್ಲಿ ಬೇರೆಯವರ ಲೈಕ್ ಸಂಖ್ಯೆಯನ್ನು ಮುಚ್ಚಿ ನೋಡಿತು. ಕೆಲವರಿಗೆ ನೆಮ್ಮದಿ ಆಯ್ತು, ಕೆಲವರಿಗೆ ಕಿರಿಕಿರಿ. ಕೊನೆಗೆ 2021ರ ಮೇ ತಿಂಗಳಲ್ಲಿ ಆಯ್ಕೆಯನ್ನ ನಮ್ಮ ಕೈಗೇ ಬಿಟ್ಟರು. ಆದ್ರೆ ನಾವಾಗೇ ಮುಚ್ಚದಿದ್ರೆ ಅಂಕಿ ಕಾಣ್ತಾನೇ ಇರುತ್ತೆ. ಆ ಆಯ್ಕೆ ಇರೋದು ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತು? ನಂಗೆ ಗೊತ್ತಿರಲಿಲ್ಲ.

6/6

ಆ್ಯಪ್ ಡಿಲೀಟ್ ಮಾಡಿ ಅಂತ ಹೇಳಲ್ಲ. ನಾನೂ ಮಾಡಿಲ್ಲ. ಮಾಡಿರೋದು ಮೂರೇ ಕೆಲಸ. ಪೋಸ್ಟ್‌ನ ಮೂರು ಚುಕ್ಕೆ ಒತ್ತಿ ಲೈಕ್ ಸಂಖ್ಯೆ ಮುಚ್ಚಿದೆ. ದಿನಕ್ಕೆ 30 ನಿಮಿಷದ ಮಿತಿ ಇಟ್ಟೆ. ವಾರದಲ್ಲಿ ಎರಡು ದಿನ ಮೀರ್ತೀನಿ, ಪರವಾಗಿಲ್ಲ. ಪೋಸ್ಟ್ ಹಾಕಿದ ಮೇಲೆ ಫೋನ್ ಇಟ್ಟು ಅಂಗಡಿಗೆ ಹೋಗ್ತೀನಿ.

ನಿಮ್ಮಲ್ಲಿ ಯಾರಿಗಾದ್ರೂ ಇದು ನಿದ್ದೆ, ಓದು, ಊಟ ಕೆಡಿಸೋ ಮಟ್ಟಕ್ಕೆ ಹೋಗಿದ್ರೆ ನಾಚಿಕೆ ಬೇಡ. ಅತಿಯಾದ ಫೋನ್, ಇಂಟರ್‌ನೆಟ್ ಬಳಕೆಗೆ ಅಂತಲೇ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ 'ಶಟ್' ಕ್ಲಿನಿಕ್ ಇದೆ. ಮನಸ್ಸು ಭಾರ ಅನ್ನಿಸಿದ್ರೆ 14416ಕ್ಕೆ ಕಾಲ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಈ ಪೋಸ್ಟ್‌ನ ಫೋಟೊ ನೋಡಿದ್ರಾ? ಅದೇ ಅಂಗಡಿ, ಅದೇ ಟ್ಯೂಬ್, ಅದೇ ಗುಳ್ಳೆ. ಹಾಕೋ ಮೊದಲು ಅಪ್ಪನಿಗೆ ನಿಜ ಹೇಳಿದೆ. ಸ್ವಲ್ಪ ಹೊತ್ತು ಸುಮ್ನಿದ್ದು, "ಒಂಬತ್ತು ಜನ ನೋಡಿದ್ರಾ? ಅಂಗಡಿಗೆ ದಿನಾ ಅಷ್ಟು ಜನ ಬಂದ್ರೆ ಸಾಕಪ್ಪ" ಅಂದ್ರು.

ಲೈಕ್ ಎಷ್ಟು ಅಂತ ಈ ಸಲ ನಿಮಗೆ ಕಾಣಲ್ಲ. ಕಮೆಂಟ್‌ನಲ್ಲಿ ಹೇಳಿ: ಲೈಕ್ ಬರಲಿಲ್ಲ ಅಂತ ನೀವು ಡಿಲೀಟ್ ಮಾಡಿದ ಫೋಟೊ ಯಾವುದು? ಅದರಲ್ಲಿ ಯಾರಿದ್ರು?

#ಲೈಕ್‌ಬಟನ್ #ಇತಿಹಾಸದಪುಟ #ಕನ್ನಡದಲ್ಲಿಓದಿ #ಅಪ್ಪನಅಂಗಡಿ